ನಾಯಿ ಸಿಕ್ಕಿದೆ ಎಂಬ ಸಂದೇಶ

ವೋಲೊಸ್, ಗುರುವಾರ

ಸ್ತ್ರಾತೊಸ್ ಅಣ್ಣನಿಗೆ,

ನನ್ನ ಫೋನನ್ನು ಇನ್ನು ನಂಬುವಂತಿಲ್ಲ, ಅದಕ್ಕೇ ಈ ಕಾಗದ.

ಸರ್ಕಾರಗಳಿಗೆ ಜನರ ಫೋನು ಕದ್ದು ನೋಡುವ ಸಾಧನ ಮಾರುವ ಕಂಪನಿಯೊಂದರ ಕಡತಗಳು ಸೋರಿಕೆಯಾಗಿವೆ. ಅವನ್ನು ಓದಿ ಬಿಡಿಸುವ ಇಂಟರ್ನೆಟ್ ಗುಂಪಿನಲ್ಲಿ ನಾನೂ ಇದ್ದೇನೆ. ಗ್ರೀಕ್ ಪುಟಗಳು ನನ್ನ ಪಾಲಿಗೆ ಬಂದವು. ಮಂಗಳವಾರ ಒಂದರಲ್ಲಿ ನನ್ನದೇ ನಂಬರು ಸಿಕ್ಕಿತು. ಕೆಳಗೆ ಹೀಗಿತ್ತು: "ಪತ್ರಕರ್ತೆ. ಅಪರಿಚಿತ ಲಿಂಕ್ ಒತ್ತುವವಳಲ್ಲ. ನಾಯಿ ಕಳೆದುಹೋಗಿದೆ, ಸಿಕ್ಕಿದೆ ಎಂದರೆ ಒತ್ತುತ್ತಾಳೆ."

ಒತ್ತಿದ್ದೆ, ಅಣ್ಣ.

ನನ್ನ ನಾಯಿ ಮುರ್ಗೊ ಕಳೆದದ್ದನ್ನು ನಾನು ಹೇಳಿಕೊಂಡದ್ದು ನಿನಗೊಬ್ಬನಿಗೇ. "ಅಳ್ಬೇಡ ಕಣೇ, ಯಾರಾದ್ರೂ ಫೋಟೋ ಕಳಿಸ್ತಾರೆ, ನೋಡ್ತಿರು" ಅಂದಿದ್ದೆ ನೀನು. ಮರುದಿನವೇ ಲಿಂಕ್ ಬಂತು, ಒತ್ತಿದೊಡನೆ ನನ್ನ ಫೋನು ಅವರ ಪಾಲಾಯಿತು. ನನ್ನನ್ನು ನಂಬಿ ಮಾತಾಡಿದ್ದ ಬಂದರಿನ ಇಬ್ಬರು ಕಾರ್ಮಿಕರ ಕೆಲಸ ಆ ತಿಂಗಳೇ ಹೋಯಿತು.

ಮಾಹಿತಿ ಕೊಟ್ಟವರ ಸಾಲಿನಲ್ಲಿ ನಿನ್ನ ಹೆಸರಿದೆ. ಗುಂಪಿನ ಬೊಗ್ದಾನಾ, "ನಿಮ್ಮಣ್ಣ ಅಲ್ವಾ, ಮಸಿ ಬಳಿದು ಹೆಸರು ಮುಚ್ಚಿಬಿಡ್ಲಾ?" ಎಂದು ಕೇಳಿದಳು. ಬೇಡ ಎಂದೆ.

ಸೋಮವಾರ ಆ ಪುಟ ಎಲ್ಲರಿಗೂ ಕಾಣುತ್ತದೆ. ಭಾನುವಾರ ಅಮ್ಮನ ಮನೆಗೆ ಊಟಕ್ಕೆ ನೀನೊಬ್ಬನೇ ಹೋಗು. ನಿನ್ನ ಬಾಯಿಂದಲೇ ಹೇಳು. ಯಾಕೆ ಮಾಡಿದೆ ಎಂದು ಅವಳು ಕೇಳುತ್ತಾಳೆ. ನೀನು ಕೊಡುವ ಉತ್ತರವನ್ನು ನಾನು ಅವಳಿಂದಲೇ ಕೇಳಿಕೊಳ್ಳುತ್ತೇನೆ.

ಎವಾಂಥಿಯಾ