ಹೆಬ್ಬಾತು ಇಳಿದ ಬೆಳಗ್ಗೆ ನಾವು ಅಲ್ಲೇ ಇದ್ದೆವು

ಭೂಸ್ವಾಧೀನಾಧಿಕಾರಿಗಳಾದ ಮಾನ್ಯರೇ,

ಕಳೆದ ವರ್ಷದ, ಅಂದರೆ 2008ರ ಕಾರ್ತಿಕದಲ್ಲಿ ನಮ್ಮ ಕೆರೆಯ ಕೆಳಗಿನ ಗದ್ದೆಯ ಸ್ಥಳತನಿಖೆ ನಡೆಸಿ, ‘ಖಾತೆದಾರರನ್ನು ಕೂಗಿಸಲಾಗಿ ಯಾರೂ ಹಾಜರಿರಲಿಲ್ಲ, ಆಕ್ಷೇಪಣೆ ಇರುವುದಿಲ್ಲ, ಪಕ್ಷಿಗಳು ಕಂಡುಬಂದಿಲ್ಲ’ ಎಂದು ನಿಮ್ಮ ಕಚೇರಿ ಬರೆದಿದೆ. ಮೂರೂ ಸುಳ್ಳು. ನಾನು ಶಾಲೆಗೆ ಹೋದವನಲ್ಲ. ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಕಲಿತವನು. ಹಾಗಾಗಿ ನಿಮ್ಮ ಭಾಷೆ ನನಗೆ ಚೆನ್ನಾಗಿಯೇ ತಿಳಿಯುತ್ತದೆ.

ನಡೆದದ್ದನ್ನು ಮನೆಯ ಹಿರಿಯನೊಬ್ಬ ಹೇಳಿದ ಹಾಗೆ ಕೇಳಿಸಿಕೊಳ್ಳಿ. ಭತ್ತ ಕೊಯ್ದ ಮೇಲೆ ಆ ಗದ್ದೆಗೆ ಉತ್ತರದಿಂದ ಹೆಬ್ಬಾತುಗಳು ಬರುತ್ತವೆ, ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವಂಥವು. ಅತ್ತಿಬೆಲೆ ರಸ್ತೆಯ ಕಡೆ ಕಾರ್ಖಾನೆಗಳ ತಗಡಿನ ಚಾವಣಿ ಎದ್ದ ಮೇಲೂ ಬರುವುದು ಬಿಟ್ಟಿಲ್ಲ. ಅವು ಕೊಯ್ದುಳಿದ ಕೂಳೆಯಲ್ಲಿ ಮೇಯುವಾಗ ನಮ್ಮೂರಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ, ಕೂಗಿದರೂ ಓಗೊಡುವುದಿಲ್ಲ. ಕಿವಿಗೆ ಬಿದ್ದ ಹೆಸರನ್ನು ಹಕ್ಕಿ ಹೊರಡುವಾಗ ಜೊತೆಗೆ ಒಯ್ಯುತ್ತದೆ, ಹೆಸರಿನ ಹಿಂದೆ ಆ ಜೀವವೂ ಹೋಗುತ್ತದೆ ಎಂಬ ಭಯ. ನಗಿ, ಪರವಾಗಿಲ್ಲ. ನಾನೂ ನಗುತ್ತಿದ್ದೆ.

ಆ ಬೆಳಗ್ಗೆ ಗದ್ದೆಯಲ್ಲಿ ಪಾಲಿರುವ ಹನ್ನೊಂದು ಮನೆಯವರು ಕೆರೆ ಏರಿಯ ಮೇಲೆ ಕೂತಿದ್ದೆವು. ಗದ್ದೆಯ ತುಂಬ ಹಕ್ಕಿ, ಮಣ್ಣು ಕಾಣುತ್ತಿರಲಿಲ್ಲ. ಆಚೆಯ ರಸ್ತೆಯಲ್ಲಿ ಜೀಪು ನಿಂತಿತು. ನಿಮ್ಮ ಸಿಬ್ಬಂದಿ ಕೆಳಗಿಳಿಯುವ ಶ್ರಮ ತೆಗೆದುಕೊಳ್ಳದೆ ಕೂತಲ್ಲಿಂದಲೇ ಕೂಗಿದರು: “ಅಂಜನಮ್ಮ ಕೋಂ ವೆಂಕಟರಮಣಪ್ಪಾ! ಇದ್ದೀರೇನ್ರೀ?”

ಅಂಜನಮ್ಮ ನನ್ನ ಹೆಂಡತಿ. ನಮ್ಮ ಪಾಲಿನ ಗದ್ದೆ ಅವಳ ಹೆಸರಿನಲ್ಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಅಂಗೈ ನನ್ನ ತುಟಿಯ ಮೇಲಿತ್ತು. ಎರಡನೆಯ ಕೂಗಿಗೆ ಗದ್ದೆಗೆ ಗದ್ದೆಯೇ ಮೇಲೆದ್ದಿತು. ನಾವು ಏರಿ ಬಳಸಿ ಓಡುವಷ್ಟರಲ್ಲಿ ಜೀಪೂ ಹೋಗಿತ್ತು.

“ಅಷ್ಟು ದೊಡ್ಡ ಗಂಟ್ಲು ಕೊಟ್ಟವ್ನೆ ದೇವ್ರು, ಒಂದ್ ಜೊತೆ ಕಣ್ಣು ಕೊಡೋದ್ ಮರ್ತವ್ನೆ,” ಎಂದು ಅಂಜನಮ್ಮ ಮನೆಯವರೆಗೂ ನಗಿಸಿದಳು.

ನೋಟಿಸು ಬಂದ ಮೇಲೆ ನಿಮ್ಮ ಕಚೇರಿಗೆ ಹೋದೆವು. ಗುಮಾಸ್ತರು, “ಕೂಗ್ದಾಗ ಯಾಕ್ರೀ ಸುಮ್ನಿದ್ರಿ?” ಎಂದರು.

“ಹೆಬ್ಬಾತು ಇಳ್ದಿತ್ತು ಸಾರ್.”

“ಅದನ್ನ ಬರ್ಕೊಳ್ಳೋಕೆ ಕಾಲಂ ಇಲ್ಲ ಕಣ್ರೀ.”

ಮೌನವೆಂದರೆ ಒಪ್ಪಿಗೆ ಎಂದು ಯಾವ ಕಾನೂನು ಹೇಳುತ್ತದೆ ಮಾನ್ಯರೇ? ನಿಮ್ಮವರ ಕೂಗಿಗೇ ಹಾರಿಹೋದ ಹಕ್ಕಿ ಬಂದೇ ಇರಲಿಲ್ಲ ಎಂದು ಬರೆಯಲು ಎಂಥ ಕಣ್ಣು ಬೇಕು?

ಶಿವರಾತ್ರಿಯ ಹೊತ್ತಿಗೆ ಹೆಬ್ಬಾತುಗಳು ಉತ್ತರಕ್ಕೆ ಹಿಂತಿರುಗಿದವು. ಅದೇ ವಾರ ಅಂಜನಮ್ಮ ತೀರಿಕೊಂಡಳು. ಎದೆಯ ಕಾಯಿಲೆ ಎಂದರು ಡಾಕ್ಟರು. ಹಗಲಿನಲ್ಲಿ ನಾನೂ ಅದನ್ನೇ ನಂಬುತ್ತೇನೆ. ಅವಳ ಸಾವನ್ನು ನಿಮ್ಮ ತಲೆಗೆ ಕಟ್ಟುವಷ್ಟು ಮೂಢನಲ್ಲ. ಆದರೆ ಉಸಿರಾಡುತ್ತ ಕೂತಿದ್ದವಳನ್ನು ಇಲ್ಲ ಎಂದು ಮೊದಲು ಬರೆದವರು ನೀವು. ಆ ಕೂಗಿನಲ್ಲಿ ಅವಳ ಗಂಡನೆಂದು ನನ್ನ ಹೆಸರೂ ಇತ್ತು. ಈಗ ಆಕಾಶದಲ್ಲಿ ಯಾವ ಹಕ್ಕಿ ಕೂಗಿದರೂ, ಯಾರನ್ನು ಎಂದು ತಲೆಯೆತ್ತಿ ನೋಡುವಂತಾಗಿದೆ.

ಮತ್ತೆ ಕಾರ್ತಿಕ ಹತ್ತಿರ ಬಂತು. ಗದ್ದೆ ಮುಚ್ಚಲು ಮಣ್ಣಿನ ಲಾರಿಗಳು ಏರಿಯ ಬುಡದಲ್ಲಿ ನಿಂತಿವೆ. ಅವನ್ನು ತಡೆಯಿರಿ, ಸ್ಥಳತನಿಖೆಯನ್ನು ಇನ್ನೊಮ್ಮೆ ಮಾಡಿ. ಈ ಸಲ ನೀವೇ ಬನ್ನಿ, ಜೀಪಿನಿಂದ ಇಳಿದು ಬನ್ನಿ. ನಮ್ಮ ಪಕ್ಕ ಕೂತು ಮೊದಲು ಹಕ್ಕಿಗಳನ್ನು ಬರೆದುಕೊಳ್ಳಿ. ಆಮೇಲೆ ಹಾಜರಿ. ಅಂದು ನಮ್ಮ ಜೊತೆ ಏರಿಯ ಮೇಲಿದ್ದ ಲಕ್ಷ್ಮಮ್ಮನಿಗೆ, ಮುನಿಕೃಷ್ಣನಿಗೆ, ಉಳಿದವರಿಗೆಲ್ಲ ಮಕ್ಕಳುಮರಿ ಇದ್ದಾರೆ. ಅವರ ಹೆಸರನ್ನು ಕಿವಿಯಲ್ಲಿ ಕೇಳಿ, ಸಾಕು. ನನ್ನದನ್ನು ಮಾತ್ರ ಗಟ್ಟಿಯಾಗಿ ಕೂಗಿ. ಅದು ಅವಕ್ಕೆ ಹೇಗೂ ಗೊತ್ತು.

ಈ ಸಲ ಓಗೊಡುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಇಲ್ಲದ, ಏರಿಯ ಮೇಲೆ ಇನ್ನೂ ಇರುವ
ವೆಂಕಟರಮಣಪ್ಪ