ಆಚೆ ದಡದ ಹಿಂಡು

ಅಮರೇಶ್ವರಿ ಅಕ್ಕಾ,

ನಾನೀಗ ಆಫ್ರಿಕಾದಲ್ಲಿದ್ದೇನೆ ಅಂದರೆ ನೀನು ನಗುತ್ತೀಯ. ನೀನು ನೋಡದ ನನ್ನ ಗಂಡ ವೀರೇಂದ್ರ, ಲಿಂಗಸುಗೂರಿನ ಗೊಬ್ಬರದ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಹಕ್ಕಿಗಳ ಫೋಟೊ ತೆಗೆಯಲು ಜಾಂಬಿಯಾದ ಈ ಕಾಡಿಗೆ ಕರೆತಂದಿದ್ದಾರೆ. ಆನೆ, ಜಿರಾಫೆ ಎಲ್ಲ ನೋಡಿದ್ದಾಯಿತು. ನಿನಗೆ ಹೇಳಬೇಕಾದದ್ದು ಅದಲ್ಲ.

ಇವತ್ತು ಸಂಜೆ ಹೊಳೆಯ ದಡದಲ್ಲಿ ಜೀಪು ನಿಂತಿತ್ತು. ಗುಬ್ಬಿಯಷ್ಟೇ ಇರುವ, ಕೆಂಪು ಕೊಕ್ಕಿನ ಸಾವಿರಾರು ಹಕ್ಕಿಗಳು ಹುಲ್ಲಿನ ತೆನೆಗಳ ಮೇಲೆ ಇಳಿದವು. ಎಲ್ಲರೂ ಸದ್ದಿಲ್ಲದೆ ಕ್ಯಾಮೆರಾ ಎತ್ತಿದರು. ನಾನು ಎದ್ದು ನಿಂತು "ಹೋ... ಹೋಯ್!" ಎಂದು ಕೂಗಿಬಿಟ್ಟೆ. ಹಿಂಡೆಲ್ಲ ಹಾರಿಹೋಯಿತು.

"ಏ ಶಿವಗಂಗಾ, ಇದೇನ್ ನಿಮ್ಮೂರು ಸಾಲಗುಂದದ ಹೊಲ ಅಂತ ತಿಳಕೊಂಡಿಯೇನ? ಕೂಡು!" ಎಂದು ಇವರು ಗದರಿದರು.

ಹೇಗೆ ಕೂಡಲಿ? ಜೋಳ ಕಾಯುವಾಗ ಒಂದು ಅಟ್ಟಣಿಗೆಯಿಂದ ಕೂಗಿದರೆ ಇನ್ನೊಂದರಿಂದ ಓಗೊಡಬೇಕು, ಅದು ಕೇಳಿಸುವ ತನಕ ಕೂಡಬಾರದು ಎಂದು ಕಲಿಸಿದವಳು ನೀನೇ. ಹೊಲದ ಆ ತುದಿಯಲ್ಲಿ ಹಾವು ಕಡಿದು ನೀನು ತೀರಿಹೋದ ಸಂಜೆ ನಿನ್ನ ದನಿಗಾಗಿ ನಾನು ಎಷ್ಟು ಹೊತ್ತು ನಿಂತಿದ್ದೆ ಎಂದು ಅವ್ವ ಇವತ್ತಿಗೂ ಕೇಳಿಲ್ಲ.

ಇಲ್ಲಿ ನಿಂತೇ ಇದ್ದೆ. ಆಗ ಹೊಳೆಯ ಆಚೆ ದಡದಲ್ಲಿ, ಮನುಷ್ಯರೇ ಇಲ್ಲದ ಜಾಗದಲ್ಲಿ, ಜೊಂಡಿನೊಳಗಿಂದ ಇನ್ನೊಂದು ಹಿಂಡು ಒಮ್ಮೆಲೇ ಎದ್ದಿತು, ಅಲ್ಲಿ ಯಾರೋ ಕೂಗಿದ ಹಾಗೆ.

ಕೂಗು ನನಗೆ ಕೇಳಿಸಲಿಲ್ಲ. ಆದರೂ ಕೂತುಬಿಟ್ಟೆ, ಅಕ್ಕಾ.