ಮುಳ್ಳಯ್ಯನಗಿರಿಗೆ ಒಬ್ಬರ ಬುತ್ತಿ

ನಮ್ಮ ಮನಿಯವರಿಗೆ,

ಏಳರ ಬಸ್ಸಿಗೆ ದಾಸನಕೊಪ್ಪಕ್ಕ ಅಕ್ಕನ ಮನಿಗೆ ಹೊಂಟೀನಿ. ನೀವು ಕೆರಿಯಿಂದ ಬರೂತನಕ ನಿಂತ್ರ ನಿಮ್ಮ ಮಾರಿ ನೋಡಿ ಮತ್ತ ವ್ಯಾನ್ ಹತ್ತಿಬಿಡ್ತೀನಿ. ಅದಕ್ಕ ಈ ಚೀಟಿ.

ಬುತ್ತಿ ಒಬ್ಬರಿಗಷ್ಟ ಕಟ್ಟೀನಿ. ರೊಟ್ಟಿ, ಗುರೆಳ್ಳು ಹಿಂಡಿ ವ್ಯಾನಿನ ಡಬ್ಬ್ಯಾಗ ಅದಾವ. ಸ್ಟೋವಿಗೆ ಹೊಸಾ ಬತ್ತಿ ಹಾಕೀನಿ. ರೇಡಿಯೇಟರಿಗೆ ನೀರು ಹಾಕಾಕ ನೆನಪು ಮಾಡೋರು ಇರೂದಿಲ್ಲ, ನೀವ ನೋಡ್ಕೋರಿ. ಕಂಬಳಿ ಮರೀಬ್ಯಾಡ್ರಿ. ಗುಡ್ಡದ ಮ್ಯಾಲ ಗಾಳಿ ಭಾಳ ಅಂತಾರ. ನಾ ಏನ್ ಕಂಡೀನಿ?

ಕನ್ನಡ ನಾಡು ಒಂದಾದ ವರ್ಷ ನೀವು ಹರಕಿ ಹೊತ್ತ್ರಿ, ನಾಡಿನ ಎತ್ತರದ ಗುಡ್ಡಕ್ಕೆಲ್ಲಾ ಹೋಗಿ ಕಾಯಿ ಒಡೀತೀನಿ ಅಂತ. ಹಳೇ ವ್ಯಾನಿನ್ಯಾಗ ಹಾಸಿಗಿ, ಸ್ಟೋವ್ ಇಟ್ಟು ಮನಿ ಮಾಡಿದ್ರಿ. ಆರು ವರ್ಷ ಊರೂರು ನಿಂತು ತಿರುಗಿದ್ವಿ. ಪ್ರತಿ ಗುಡ್ಡದ ಬುಡಕ್ಕ, "ನೀ ಅಡಿಗಿ ಮಾಡು, ನಾ ಏರಿ ಬರ್ತೀನಿ" ಅಂದ್ರಿ. ನನಗ ಗುಡ್ಡದ ತುದಿ ಅಂದ್ರ ನೀವು ಕೆಳಗ ತಂದ ಅರ್ಧ ಹೋಳು ಕಾಯಿ. ಅದನ್ನೂ ಚಟ್ನಿ ಅರದು ನಿಮಗ ಬಡಿಸೀನಿ.

ಕೊಡಚಾದ್ರ್ಯಾಗ ನಾನೂ ಬರ್ತೀನಿ ಅಂದೆ. "ಮುಂದಿನ ಗುಡ್ಡಕ್ಕ" ಅಂದ್ರಿ. ನಿನ್ನೆ ನೀವಾಗೇ, "ಈ ಸಲ ಇಬ್ಬರೂ ಏರೂಣು" ಅಂದ್ರಿ. ಈಗ ಅಂದ್ರಿ. ಅಟ್ಟದ ಏಣಿ ಏರಾಕೂ ನನ್ನ ಮೊಣಕಾಲು ಒಲ್ಲೆ ಅಂತಾವ, ಅದು ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ.

ಕಾಯಿ ಸೀಟಿನ ಕೆಳಗ ಐತಿ. ಒಡದ ಮ್ಯಾಲ ಎರಡೂ ಹೋಳು ಅಲ್ಲೇ ಇಟ್ಟು ಬರ್ರಿ. ಕೆಳಗ ಯಾರೂ ದಾರಿ ನೋಡ್ಕೋತ ಕೂತಿರೂದಿಲ್ಲ.

ಕಲ್ಲವ್ವ